ಕಂಪನಿ ಬದಲಿಸುವ ಮುಂಚೆ ಗೋಡೆ, ವೈರು, ಕಂಬ ನೋಡಿ

ಕಲಬುರಗಿಯಲ್ಲಿ ಮನೆಮನೆಗೆ ಇಂಟರ್ನೆಟ್ ರಿಪೇರಿಗೆ ಹೋಗುವವರ ಕಿವಿಗೆ ಮೊದಲು ಬೀಳುವ ಮಾತು ಒಂದೇ: "ನೆಟ್ ಭಾಳ ಸ್ಲೋ ಅದರಿ, ಪ್ಲಾನ್ ಏರಸ್ಬೇಕೋ, ಕಂಪನೀನೇ ಬದಲಾಸ್ಬೇಕೋ?" ಎರಡಕ್ಕೂ ದುಡ್ಡು ಬೇಕು. ದುಡ್ಡು ಹಾಕುವ ಮುಂಚೆ ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚಬೇಕು. ಅದು ಇರಬಹುದಾದ ಜಾಗ ಮೂರು: ಮನೆಯೊಳಗಿನ ವೈಫೈ, ಓಣಿಯ ಕಂಬದಿಂದ ಮನೆಗೆ ಇಳಿದ ಫೈಬರ್ (ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ), ಇಲ್ಲವೇ ಕಂಪನಿಯವರು ಊರಿಗೆ ತಂದಿರುವ ಒಟ್ಟು ಬ್ಯಾಂಡ್‌ವಿಡ್ತ್ (ಒಮ್ಮೆಗೆ ಸಾಗಬಲ್ಲ ಡೇಟಾ). ವೈಫೈ ಕೆಟ್ಟಿದ್ದರೆ ಹತ್ತು ಕಂಪನಿ ಬದಲಿಸಿದರೂ ಒಳಕೋಣೆಗೆ ನೆಟ್ ಬರುವುದಿಲ್ಲ. ಫೈಬರ್ ಸೊರಗಿದ್ದರೆ ಇರುವ ಕಂಪನಿಯವರೇ ಅರ್ಧ ತಾಸಿನಲ್ಲಿ ಸರಿ ಮಾಡಬಹುದು. ಮೂರನೆಯದೇ ನಿಜವಾದ ಕಾರಣವಾದರೆ ಮಾತ್ರ ಬದಲಾವಣೆ ಅನಿವಾರ್ಯ. ಪ್ಲಾನ್ ಏರಿಸುವುದರಿಂದ ಮೂರರಲ್ಲಿ ಒಂದೂ ಗುಣವಾಗುವುದಿಲ್ಲ. ಕೊಟ್ಟ ಸ್ಪೀಡ್ ಪೂರ್ತಿ ಬರುತ್ತಿದ್ದು, ಅದು ಮನೆಮಂದಿಗೆ ಸಾಲುತ್ತಿಲ್ಲ ಎಂದಾಗ ಮಾತ್ರ ದೊಡ್ಡ ಪ್ಲಾನ್ ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಯನ್ನು ಮೊಬೈಲ್‌ನಲ್ಲಿ ಮಾಡಬೇಡಿ. ಲ್ಯಾಪ್‌ಟಾಪ್ ತಂದು, ರೂಟರ್‌ನ ಲ್ಯಾನ್ (LAN) ಪೋರ್ಟಿಗೆ ಕೇಬಲ್ ಹಾಕಿ, ಉಳಿದ ಸಾಧನಗಳನ್ನೆಲ್ಲ ಆರಿಸಿ, ಸ್ಪೀಡ್ ಟೆಸ್ಟ್ ಪುಟದಲ್ಲಿ ಅಳೆಯಿರಿ. ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 3ಕ್ಕೆ, ರಾತ್ರಿ ಒಂಬತ್ತೂವರೆಗೆ, ಹೀಗೆ ಮೂರು ದಿನ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಮಿಲಿಸೆಕೆಂಡ್) ಮೂರನ್ನೂ ಬರೆದಿಡಿ. ಈ ಒಂಬತ್ತು ಸಾಲಿನ ಚೀಟಿ ಮುಂದೆ ಕಂಪನಿಯವರ ಜೊತೆ ಮಾತಾಡುವಾಗಲೂ ಕೆಲಸಕ್ಕೆ ಬರುತ್ತದೆ. ಒಂದು ಗೊಂದಲ ಇಲ್ಲೇ ಬಗೆಹರಿಯಲಿ: 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 12.5 ಮೆಗಾಬೈಟ್. 1 ಜಿಬಿ ಫೈಲ್ ಇಳಿಯಲು 80 ಸೆಕೆಂಡ್ ಹಿಡಿದರೆ ಅದು ಪೂರ್ತಿ ಸ್ಪೀಡೇ.

200 ಅಥವಾ 300 ಎಂಬಿಪಿಎಸ್ ಪ್ಲಾನ್ ಹಾಕಿಸಿಯೂ ಯಾವಾಗ ಅಳೆದರೂ 93, 94ರಲ್ಲೇ ನಿಲ್ಲುತ್ತಿದ್ದರೆ ಕಂಪನಿಯನ್ನು ಬೈಯುವ ಮುಂಚೆ ಕೇಬಲ್ ತುದಿ ನೋಡಿ. 94 ಎನ್ನುವುದು 100 ಎಂಬಿಪಿಎಸ್ ಪೋರ್ಟಿನ ಗುರುತು. ಪಾರದರ್ಶಕ ಪ್ಲಾಸ್ಟಿಕ್ ಕನೆಕ್ಟರನ್ನು ಬೆಳಕಿಗೆ ಹಿಡಿದರೆ ಒಳಗಿನ ಬಣ್ಣದ ತಂತಿಗಳು ಕಾಣುತ್ತವೆ. ಎಂಟೂ ಇರಬೇಕು. ಅವಸರದಲ್ಲಿ ನಾಲ್ಕನ್ನೇ ಒತ್ತಿ ಕೂರಿಸಿ ಹೋದ ಮನೆಗಳು ಬಹಳ. ನಾಲ್ಕು ತಂತಿಯಲ್ಲಿ 100ರ ಮೇಲೆ ಹೋಗುವುದೇ ಇಲ್ಲ. ಎಂಟು ತಂತಿ ಸರಿಯಿದ್ದೂ 94 ಬಂದರೆ ರೂಟರ್‌ನ ಪೋರ್ಟೇ ಹಳೇ ಕಾಲದ್ದು, ಇಲ್ಲವೇ ಲ್ಯಾಪ್‌ಟಾಪ್‌ನದು. ರೂಟರ್‌ನದಾದರೆ ಪ್ಲಾನ್‌ಗೆ ತಕ್ಕ ಗಿಗಾಬಿಟ್ (1000 ಎಂಬಿಪಿಎಸ್) ಸಾಧನ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ಕೇಬಲ್‌ನಲ್ಲಿ ಸ್ಪೀಡ್ ಸರಿಯಾಗಿ ಬಂದು ವೈಫೈಯಲ್ಲಿ ಬರದಿದ್ದರೆ ತೊಂದರೆ ಮನೆಯೊಳಗಿದೆ. ಖಾತ್ರಿ ಮಾಡಿಕೊಳ್ಳಲು ಒಳಕೋಣೆಯಲ್ಲಿ ಕೂತು ವೈಫೈಯಲ್ಲೇ ರೂಟರ್‌ನ ವಿಳಾಸಕ್ಕೇ ಪಿಂಗ್ ಕೊಡಿ (ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ping ಎಂದು ಬರೆದು ಮುಂದೆ ವಿಳಾಸ ಹಾಕಿ). ವಿಳಾಸ ರೂಟರ್ ಹಿಂದಿನ ಸ್ಟಿಕರ್ ಮೇಲೆ ಇರುತ್ತದೆ, ಸಾಮಾನ್ಯವಾಗಿ 192.168.1.1. ಇದನ್ನೇ ಬ್ರೌಸರ್‌ನಲ್ಲಿ ಹಾಕಿದರೆ ರೂಟರ್‌ನ ಸೆಟ್ಟಿಂಗ್ ಪುಟ ತೆರೆಯುತ್ತದೆ. ಉತ್ತರ ಹತ್ತು ಮಿಲಿಸೆಕೆಂಡಿನೊಳಗೆ ಬರುತ್ತಿದ್ದರೆ ವೈಫೈ ಗಟ್ಟಿ. ಒಮ್ಮೆ 5, ಒಮ್ಮೆ 180, ನಡುವೆ ಟೈಮ್‌ಔಟ್ ಆಗುತ್ತಿದ್ದರೆ ಸಿಗ್ನಲ್ ಗೋಡೆ ದಾಟುತ್ತಿಲ್ಲ. ಈ ಪಿಂಗ್ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲವಾದ್ದರಿಂದ ಇದರಲ್ಲಿ ಕಂಪನಿಯ ಪಾತ್ರ ಏನೂ ಇಲ್ಲ.

ನಮ್ಮ ಕಡೆ ಇದು ಹೆಚ್ಚು. ಶಹಾಬಾದ್ ಕಲ್ಲಿನ ಒಂದೂವರೆ ಅಡಿ ಗೋಡೆಯ ಹಳೇ ಮನೆಗಳು ಬೇಸಿಗೆಗೆ ತಂಪು, ವೈಫೈಗೆ ಕೋಟೆ. ಬೀದರ್ ಹಳೇ ಊರಿನ ಮನೆಗಳ ದಪ್ಪ ಗೋಡೆಗಳದೂ ಇದೇ ಕಥೆ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಇಂಥ ಒಂದು ಗೋಡೆಗೇ ಸುಸ್ತಾಗುತ್ತದೆ. ಎರಡನೇ ಗೋಡೆಯಾಚೆ ಹೆಸರು ಕಾಣಬಹುದು, ನೆಟ್ ನಡೆಯುವುದಿಲ್ಲ. 2.4 ಗಿಗಾಹರ್ಟ್ಸ್ ಸ್ವಲ್ಪ ದೂರ ಹೋಗುತ್ತದೆ, ಆದರೆ ಬಾಜೂ ಮನೆಯವರೆಲ್ಲ ಅದೇ ಬ್ಯಾಂಡಿನಲ್ಲಿದ್ದಾರೆ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ರೂಟರ್ ಆಟೋದಲ್ಲಿದ್ದು ಕಿರಿಕಿರಿಯಾಗುತ್ತಿದ್ದರೆ, ಮೂರರಲ್ಲಿ ಓಣಿಯವರು ಕಡಿಮೆ ಬಳಸುವುದನ್ನು ಕೈಯಾರೆ ಹಾಕಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ಇಷ್ಟೆಲ್ಲ ಮಾಡಿದರೂ 2.4ರಲ್ಲಿ 40–50 ಬಂದರೆ ಅದೇ ದೊಡ್ಡದು.

ಪಡಸಾಲೆಯ ಟಿವಿ ಹಿಂದೆ, ಗಾಜಿನ ಶೋಕೇಸ್ ಒಳಗೆ, ಕಬ್ಬಿಣದ ಅಲ್ಮಾರಿ ಪಕ್ಕದಲ್ಲಿ ರೂಟರ್ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಈ ಸಾಧನಗಳನ್ನು ಹೆಚ್ಚಾಗಿ 40 ಡಿಗ್ರಿವರೆಗಿನ ಶಾಖಕ್ಕೆ ತಯಾರಿಸಿರುತ್ತಾರೆ. ಮೇ ತಿಂಗಳಲ್ಲಿ ನಮ್ಮ ಊರಿನ ಶಾಖ ಆ ಗಡಿ ದಾಟುತ್ತದೆ, ಮುಚ್ಚಿದ ಶೋಕೇಸ್ ಒಳಗಂತೂ ಕೇಳುವುದೇ ಬೇಡ. ಬೇಸಿಗೆ ಮಧ್ಯಾಹ್ನ ತಾನೇ ಆಫ್ ಆಗಿ ಆನ್ ಆಗುವ ರೂಟರ್‌ಗೆ ಬೇಕಾದದ್ದು ಗಾಳಿಯಾಡುವ ಗೋಡೆ.

ಕಲ್ಲಿನ ಮನೆಗೆ ಖಾಯಂ ಪರಿಹಾರ ಒಂದೇ: ಒಳಕೋಣೆವರೆಗೆ ಕ್ಯಾಟ್ 6 ಕೇಬಲ್ ಎಳೆದು, ಅಲ್ಲಿ ಇನ್ನೊಂದು ರೂಟರನ್ನು ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹಂಚುವ ಸಾಧನ) ಮಾಡುವುದು. ಗೋಡೆಯಾಚೆಯಿಂದ ವೈಫೈ ಹಿಡಿದು ಮತ್ತೆ ಹಂಚುವ ಸಿಂಗಲ್ ಬ್ಯಾಂಡ್ ರಿಪೀಟರ್ ಕೊಳ್ಳಬೇಡಿ. ಅದು ಒಂದೇ ಚಾನೆಲ್‌ನಲ್ಲಿ ಕೇಳಿ, ಅದೇ ಚಾನೆಲ್‌ನಲ್ಲಿ ಹೇಳಬೇಕಾದ್ದರಿಂದ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಬೇಕೆಂದು ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ತುದಿಯಲ್ಲಿ ಮುರಿಯುತ್ತದೆ. ಹಳೇ ರೂಟರ್ ಇದ್ದರೆ ಅದೇ ಸಾಕು. ಅದರ ವಿಳಾಸವನ್ನು 192.168.1.2ಕ್ಕೆ ಬದಲಿಸಿ, ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ (DHCP) ಆಫ್ ಮಾಡಿ, ಕೇಬಲನ್ನು ಹೊರಗಿನ ಲೈನಿಗೆಂದು ಇರುವ ವ್ಯಾನ್ (WAN) ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಮೊದಲಿನದೇ ಇರಲಿ, ಚಾನೆಲ್ ಮಾತ್ರ ಬೇರೆ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡು ರೂಟರ್ ಎರಡು ಕಡೆಯಿಂದ ವಿಳಾಸ ಹಂಚಿ, ಅರ್ಧ ಮನೆಗೆ ನೆಟ್ ಬರುತ್ತದೆ, ಅರ್ಧಕ್ಕೆ ಬರುವುದಿಲ್ಲ.

ಇನ್ನು ಫೈಬರ್ ಕಡೆ ಬರೋಣ. ಕೇಬಲ್‌ನಲ್ಲಿ ಅಳೆದಾಗಲೂ ಸ್ಪೀಡ್ ಬೇಕಾಬಿಟ್ಟಿ ಏರಿಳಿಯುತ್ತಿದ್ದರೆ, ಅಥವಾ ಬೆಳಕು ತಲುಪುತ್ತಿಲ್ಲ ಎನ್ನುವ ಕೆಂಪು ಎಲ್‌ಒಎಸ್ (LOS) ದೀಪ ಆಗಾಗ ಮಿಣುಕುತ್ತಿದ್ದರೆ, ರೂಟರ್‌ನ ಪುಟದಲ್ಲಿ ಲಾಗಿನ್ ಆಗಿ ಆಪ್ಟಿಕಲ್ ಅಥವಾ ಪಾನ್ (PON) ಸ್ಟೇಟಸ್ ಎಂಬಲ್ಲಿ ಆರ್‌ಎಕ್ಸ್ ಪವರ್ (RX Power, ಫೈಬರ್‌ನಲ್ಲಿ ಬಂದು ತಲುಪಿದ ಬೆಳಕಿನ ಬಲ) ನೋಡಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 27 ಅಂದರೆ ಸಾಧನ ಬೆಳಕು ಹಿಡಿಯುವ ಅಂಚಿನಲ್ಲಿದೆ. ಮೂರು ಡಿಬಿ ಕಡಿಮೆಯಾದರೆ ಬೆಳಕು ಅರ್ಧವಾಗುತ್ತದೆ. ಮೈನಸ್ 21 ಇದ್ದದ್ದು ಮೈನಸ್ 27ಕ್ಕೆ ಇಳಿದಿದ್ದರೆ ಕಾಲು ಭಾಗ ಮಾತ್ರ ತಲುಪುತ್ತಿದೆ.

ಕಳೆದುಹೋದ ಬೆಳಕು ಹೆಚ್ಚಾಗಿ ಕಣ್ಣಿಗೆ ಕಾಣುವ ಜಾಗದಲ್ಲೇ ಸೋರಿರುತ್ತದೆ. ಬಾಗಿಲ ಸಂದಿಯಲ್ಲಿ ಅಪ್ಪಚ್ಚಿಯಾದ ಕೇಬಲ್, ಮೊಳೆಗೆ ಬಿಗಿಯಾಗಿ ಸುತ್ತಿದ ಕೇಬಲ್, ಕಂಬದ ಮೇಲಿನ ಡಬ್ಬಿಯೊಳಗೆ ಮಳೆ ನೀರು ಹೋದ ಜೋಡಣೆ. ಮನೆಯೊಳಗೆ ಫೈಬರ್ ಸುತ್ತಿಡುವಾಗ ಸುರುಳಿ ಅಂಗೈ ಅಗಲಕ್ಕಿಂತ ಚಿಕ್ಕದಾಗಬಾರದು. ಇನ್ನೊಂದನ್ನು ಹತ್ತಿರದಿಂದ ನೋಡಬೇಕು: ಕನೆಕ್ಟರ್ ಬಣ್ಣ. ಹಸಿರು ಕನೆಕ್ಟರ್‌ನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡೂ ಒಂದೇ ಆಕಾರ, ಒಂದರೊಳಗೊಂದು ಟಕ್ಕೆಂದು ಕೂರುತ್ತವೆ. ಆದರೆ ಹಸಿರನ್ನು ನೀಲಿ ಪೋರ್ಟಿಗೆ ಹಾಕಿದರೆ ನಡುವೆ ಕೂದಲೆಳೆಯ ಸಂದು ಉಳಿದು ಬೆಳಕು ಚೆದುರುತ್ತದೆ. ಹಸಿರಿಗೆ ಹಸಿರು, ನೀಲಿಗೆ ನೀಲಿ. ತುದಿಯ ಬಿಳಿ ಪಿಂಗಾಣಿ ಕಡ್ಡಿಯನ್ನು ಬೆರಳಿಂದ ಮುಟ್ಟಬೇಡಿ, ಬಾಯಿಂದ ಊದಬೇಡಿ, ಕಣ್ಣಿನ ಹತ್ತಿರ ಹಿಡಿದು ಇಣುಕಬೇಡಿ. ಅದರ ಬೆಳಕು ಕಣ್ಣಿಗೆ ಕಾಣದು, ಆದರೆ ಇರುತ್ತದೆ. ಇವೆಲ್ಲ ಇದ್ದ ಕಂಪನಿಯವರೇ ಮಾಡಿಕೊಡಬೇಕಾದ ಕೆಲಸ. ಆರ್‌ಎಕ್ಸ್ ಪವರ್‌ನ ಫೋಟೋ ತೆಗೆದು ದೂರು ಕೊಟ್ಟರೆ "ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ" ಎಂಬ ಮಾತಿಗೇ ದೂರು ಮುಗಿಯುವುದಿಲ್ಲ.

ಆರ್‌ಎಕ್ಸ್ ಪವರ್ ಚೆನ್ನಾಗಿದೆ, ಕೇಬಲ್‌ನಲ್ಲಿ ಬೆಳಿಗ್ಗೆ 100 ಬರುತ್ತದೆ, ರಾತ್ರಿ ಒಂಬತ್ತೂವರೆಗೆ 20, ಪಿಂಗ್ 25 ಇದ್ದದ್ದು 120. ಇದೇ ಆ ಮೂರನೇ ಕಾಯಿಲೆ. ಮನೆಗಳಿಗೆ ಫೈಬರ್ ಹಂಚುವ ಜಿಪಾನ್ (GPON) ವ್ಯವಸ್ಥೆಯಲ್ಲಿ ಒಂದು ಎಳೆಯ 2.5 ಗಿಗಾಬಿಟ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಒಟ್ಟಿಗೆ ಪೂರ್ತಿ ಎಳೆಯುವುದು ಅಪರೂಪವಾದ್ದರಿಂದ ಅಲ್ಲಿ ಇಕ್ಕಟ್ಟಾಗುವುದು ಕಡಿಮೆ. ಇಕ್ಕಟ್ಟು ಹೆಚ್ಚಾಗಿ ಅದರಾಚೆ, ಊರಿನಿಂದ ಹೈದರಾಬಾದ್ ಅಥವಾ ಬೆಂಗಳೂರಿನ ಕಡೆ ಹೋಗುವ ಕಂಪನಿಯ ಲಿಂಕಿನಲ್ಲಿ. ಬೆಳಕಿಗೆ ಬೆಂಗಳೂರಿನ 600 ಕಿಲೋಮೀಟರ್ ಹೋಗಿ ಬರಲು ಬೇಕಾದದ್ದು ಸುಮಾರು 6 ಮಿಲಿಸೆಕೆಂಡ್. ಸುತ್ತುದಾರಿ, ನಡುವಿನ ಉಪಕರಣ ಎಲ್ಲ ಸೇರಿ 25–30 ಆದರೂ ಒಪ್ಪಬಹುದು. ರಾತ್ರಿ ಮಾತ್ರ 120 ಆಗುತ್ತಿದ್ದರೆ ಡೇಟಾ ಸಾಲಿನಲ್ಲಿ ನಿಂತಿದೆ ಎಂದರ್ಥ. ಇಲ್ಲಿ 100ರಿಂದ 300ರ ಪ್ಲಾನಿಗೆ ಏರುವುದು ಪೂರ್ತಿ ವ್ಯರ್ಥ. ಓಣಿಯಲ್ಲಿ ಅದೇ ಕಂಪನಿಯ ಇಬ್ಬರನ್ನು ಕೇಳಿ; ಅವರದೂ ಇದೇ ಗೋಳಾದರೆ ಬದಲಿಸುವುದೇ ಸರಿ.

ಎಷ್ಟು ಸ್ಪೀಡ್ ಬೇಕು? 4ಕೆ ಟಿವಿಗೆ 15ರಿಂದ 20 ಎಂಬಿಪಿಎಸ್, ಎಚ್‌ಡಿ ವಿಡಿಯೋಗೆ 5, ವಿಡಿಯೋ ಕಾಲ್‌ಗೆ 3–4. ಐದು ಜನರ ಮನೆಯಲ್ಲಿ ಎಲ್ಲ ಒಟ್ಟಿಗೆ ನಡೆದರೂ 50 ದಾಟುವುದು ಕಷ್ಟ. 100ರ ಪ್ಲಾನ್ ಬಹುತೇಕ ಮನೆಗಳಿಗೆ ಧಾರಾಳ. ನೋಡಬೇಕಾದದ್ದು ಅಪ್‌ಲೋಡ್. ನಾಲ್ಕು ಸಿಸಿ ಕ್ಯಾಮೆರಾ ತಲಾ 2 ಎಂಬಿಪಿಎಸ್‌ನಂತೆ ದಿನವಿಡೀ ಕ್ಲೌಡಿಗೆ ಕಳಿಸುತ್ತಿದ್ದರೆ ಸೆಕೆಂಡಿಗೆ 1 ಎಂಬಿ, ದಿನಕ್ಕೆ 86 ಜಿಬಿ, ತಿಂಗಳಿಗೆ ಸುಮಾರು 2600 ಜಿಬಿ. ಅನ್‌ಲಿಮಿಟೆಡ್ ಎಂದು ಮಾರುವ ಪ್ಲಾನ್‌ಗಳಿಗೂ 3300 ಜಿಬಿಯಂಥ ಮಿತಿ ಇರುತ್ತದೆ. ಅಪ್‌ಲೋಡ್ ಕೂಡ ಆ ಲೆಕ್ಕಕ್ಕೆ ಸೇರಿದ್ದರೆ ಕ್ಯಾಮೆರಾಗಳೇ ಮುಕ್ಕಾಲು ತಿಂದು ಮುಗಿಸುತ್ತವೆ. ಜಾಹೀರಾತಿನ ಬೆಲೆಗೆ ಶೇಕಡ 18 ಜಿಎಸ್‌ಟಿ ಸೇರಿಸಿಯೇ ಹೋಲಿಸಿ.

ಹೊಸ ಕಂಪನಿ ಆರಿಸುವಾಗ ನಮ್ಮ ಜಿಲ್ಲೆಗಳಲ್ಲಿ ಬೆಲೆಗಿಂತ ಮುಂಚೆ ಕರೆಂಟಿನ ಪ್ರಶ್ನೆ ಕೇಳಬೇಕು: "ನಿಮ್ಮ ಆಫೀಸಿನಿಂದ ನಮ್ಮ ಮನೀತನ ನಡುವ ಕರೆಂಟ್ ಬೇಕಾದ ಡಬ್ಬಿ ಏನರ ಅದ ಏನ್ರಿ?" ಜಿಪಾನ್ ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಅದು ಬರೀ ಗಾಜಿನ ಕವಲು. ಆದರೆ ಕೆಲವು ಸ್ಥಳೀಯ ಜಾಲಗಳಲ್ಲಿ ಕಂಬದ ಮೇಲೋ ಯಾರದೋ ಮಾಳಿಗೆಯ ಮೇಲೋ ಕರೆಂಟಿನಿಂದ ನಡೆಯುವ ನೆಟ್‌ವರ್ಕ್ ಸ್ವಿಚ್ (ನೆಟ್ ಹಂಚುವ ಡಬ್ಬಿ) ಇರುತ್ತದೆ. ಜೆಸ್ಕಾಂ ಲೈನ್ ಹೋದರೆ ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದೂ ನೆಟ್ ಸತ್ತಿರುತ್ತದೆ. ನಡುವೆ ಡಬ್ಬಿ ಇಲ್ಲವೆಂದಾದರೆ ರೂಟರ್‌ಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿ. 10400 ಎಂಎಎಚ್ ಎಂದು ಬರೆದಿದ್ದರೆ 3.7 ವೋಲ್ಟ್ ಲೆಕ್ಕದಲ್ಲಿ 38 ವಾಟ್-ಅವರ್, ನಷ್ಟ ಕಳೆದು 30. ರೂಟರ್ 10 ವಾಟ್ ಎಳೆದರೆ ಮೂರು ತಾಸು. ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗುವುದೂ ಇದರಿಂದ ತಪ್ಪುತ್ತದೆ.

ಎರಡನೇ ಪ್ರಶ್ನೆ: "ಹೊಸಾ ವೈರ್ ಎಳೀತೀರೋ, ಇದ್ದದ್ದಕ್ಕೇ ಜೋಡಸ್ತೀರೋ?" ಒಬ್ಬನೇ ಕೇಬಲ್ ಆಪರೇಟರ್ ಎರಡು ಕಂಪನಿಗೆ ಕೆಲಸ ಮಾಡುತ್ತಿದ್ದರೆ ಅದೇ ಕಂಬ, ಅದೇ ಡಬ್ಬಿ, ಅದೇ ಹುಡುಗ, ಬದಲಾಗುವುದು ಬಿಲ್ಲಿನ ಮೇಲಿನ ಹೆಸರು ಮಾತ್ರ. ಫೈಬರ್ ತಲುಪದ ಊರುಗಳಲ್ಲಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ, 5ಜಿ ಏರ್‌ಫೈಬರ್ (ವೈರಿಲ್ಲದೆ ಮೊಬೈಲ್ ಟವರ್‌ನಿಂದ ಬರುವ ಮನೆಯ ನೆಟ್) ಒಂದು ದಾರಿ. ಬುಕ್ ಮಾಡುವ ಮುಂಚೆ ಅದೇ ಕಂಪನಿಯ 5ಜಿ ಸಿಮ್ ಇರುವ ಫೋನ್ ಹಿಡಿದು ರಾತ್ರಿ 9ಕ್ಕೆ ಮಾಳಿಗೆ ಹತ್ತಿ ಅಳೆಯಿರಿ. ಹಗಲಿನ ಅಳತೆ ನಂಬಬೇಡಿ.

ಬದಲಿಸುವಾಗ ಹಳೇದನ್ನು ಮೊದಲೇ ಕಡಿಸಬೇಡಿ. ಹೊಸದನ್ನು ಒಂದು ತಿಂಗಳ ಪ್ಲಾನಿನಲ್ಲೇ ಹಾಕಿಸಿ, ಎರಡನ್ನೂ ಕನಿಷ್ಠ 15 ದಿನ ಒಟ್ಟಿಗೆ ನಡೆಸಿ, ಅದೇ ಒಂಬತ್ತು ಸಾಲಿನ ಪರೀಕ್ಷೆ ಮತ್ತೆ ಮಾಡಿ. ಆರು ತಿಂಗಳ ಮುಂಗಡದ ರಿಯಾಯಿತಿಗೆ ಮೊದಲ ದಿನವೇ ಒಪ್ಪಬೇಡಿ. ಹೊಸ ರೂಟರ್‌ಗೆ ಹಳೇ ವೈಫೈ ಹೆಸರು, ಪಾಸ್‌ವರ್ಡನ್ನೇ ಕೊಟ್ಟರೆ ಟಿವಿ, ಕ್ಯಾಮೆರಾಗಳನ್ನು ಒಂದೊಂದಾಗಿ ಜೋಡಿಸುವ ತಾಪತ್ರಯ ತಪ್ಪುತ್ತದೆ. ಹೊರಗಿನಿಂದ ನೇರವಾಗಿ ಮನೆಯ ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಡಬ್ಬಿ) ನೋಡುವವರು ಹೊಸ ರೂಟರ್‌ನ ವ್ಯಾನ್ ವಿಳಾಸ ಪರೀಕ್ಷಿಸಲಿ, 100.64ರಿಂದ 100.127ರೊಳಗೆ ಶುರುವಾಗಿದ್ದರೆ ಆ ವಿಳಾಸ ಹಲವರಿಗೆ ಹಂಚಿದ್ದು, ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಡಿವಿಆರ್‌ವರೆಗೆ ದಾರಿ ಬಿಡುವ ಸೆಟ್ಟಿಂಗ್) ನಡೆಯುವುದಿಲ್ಲ. ಮೊಬೈಲ್ ನಂಬರಿನಂತೆ ಲ್ಯಾಂಡ್‌ಲೈನ್ ನಂಬರನ್ನು ಬೇರೆ ಕಂಪನಿಗೆ ಒಯ್ಯಲು ಬರುವುದಿಲ್ಲ. ಅಂಗಡಿ ಬೋರ್ಡಿನ ಮೇಲೆ ಆ ನಂಬರ್ ಇದ್ದರೆ ಇದನ್ನು ಮೊದಲೇ ಯೋಚಿಸಿ.

ಹಳೇ ಕಂಪನಿಯಲ್ಲಿಟ್ಟ ಡೆಪಾಸಿಟ್ ಮರಳಿಸದೆ ಸತಾಯಿಸಿದರೆ ದೂರಿನ ಡಾಕೆಟ್ ನಂಬರ್ ಇಟ್ಟುಕೊಂಡು ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೆಯಿರಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದಂತೆ 39 ದಿನದಲ್ಲಿ ತೀರ್ಮಾನ ಬರಬೇಕು. ಗ್ರಾಹಕ ಸಹಾಯವಾಣಿ 1915. ಟೆಲಿಕಾಂ ದೂರನ್ನು ಗ್ರಾಹಕರ ಆಯೋಗವೂ ಕೇಳಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದಕ್ಕೆಲ್ಲ ಬೇಕಾದದ್ದು ಕಾಗದ. ಸಂಪರ್ಕ ನಿಲ್ಲಿಸುವ ಕೋರಿಕೆಯನ್ನು ಇಮೇಲ್‌ನಲ್ಲೋ ಆ್ಯಪ್‌ನಲ್ಲೋ ಕೊಡಿ, ಲೈನ್‌ಮ್ಯಾನ್‌ಗೆ ಬಾಯಿಮಾತಿನಲ್ಲಿ ಹೇಳಿದರೆ ಬಿಲ್ ಓಡುತ್ತಲೇ ಇರುತ್ತದೆ. ರೂಟರ್ ಮರಳಿಸುವಾಗ ಹಿಂದಿನ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ, ಅಡಾಪ್ಟರ್ ಸಮೇತ ಕೊಟ್ಟು ರಶೀದಿಯಲ್ಲಿ ಎರಡನ್ನೂ ಬರೆಸಿ. ಅಡಾಪ್ಟರ್ ಮರೆತರೆ ಅದರ ಹಣವನ್ನು ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.