‘ಮರ್ಯಾದೆಯಾಗಿ’: ಗೌರವವೋ, ಗದರಿಕೆಯೋ?

‘ಮರ್ಯಾದೆಯಾಗಿ’ ಅಂದರೆ ‘ಸಭ್ಯವಾಗಿ’ ಅಂತ ಬರೆದುಕೊಂಡು ಮುಂದೆ ಹೋಗಿದ್ದೆ. ಕಥೆ, ನಾಟಕಗಳ ಸಂಭಾಷಣೆಗೆ ಬಂದಾಗ ಸಿಕ್ಕಿಬಿದ್ದೆ. ‘ಮರ್ಯಾದೆಯಾಗಿ ದುಡ್ಡು ಇಡು’ ಅನ್ನೋ ಮಾತಿನಲ್ಲಿ ಸಭ್ಯತೆ ಎಲ್ಲಿದೆ?

ಮೊದಲು ಒಂದು ಸೂತ್ರ ಕಟ್ಟಿಕೊಂಡೆ: ‘ಆಗಿ’ ಬಂದರೆ ಗದರಿಕೆ, ‘ಇಂದ’ ಬಂದರೆ ಗೌರವ. ಎರಡು ನಿಮಿಷವೂ ನಿಲ್ಲಲಿಲ್ಲ. ‘ಮರ್ಯಾದೆಯಿಂದ ಆಚೆ ನಡಿ’ ಗದರಿಕೆಯೇ. ‘ಅವರು ಮರ್ಯಾದೆಯಾಗಿ ಬಾಳಿದವರು’ ಪೂರ್ತಿ ಹೊಗಳಿಕೆ.

ಆಮೇಲೆ, ಆಜ್ಞೆಯಾದರೆ ಗದರಿಕೆ ಅಂದುಕೊಂಡೆ. ಅದೂ ಅರ್ಧ ಸತ್ಯ. ‘ಅಜ್ಜನ ಹತ್ತಿರ ಮರ್ಯಾದೆಯಿಂದ ಮಾತಾಡು’ ಕೂಡ ಆಜ್ಞೆಯೇ ಅಲ್ವಾ? ಕೊನೆಗೆ ಕೈ ಹಿಡಿದದ್ದು ಒಂದು ಸಣ್ಣ ಪರೀಕ್ಷೆ. ಆ ಜಾಗದಲ್ಲಿ ‘ಗೌರವದಿಂದ’ ಇಟ್ಟು ನೋಡಿ. ‘ಗೌರವದಿಂದ ಮಾತಾಡು’ ಸರಿಹೋಗುತ್ತದೆ. ‘ಗೌರವದಿಂದ ದುಡ್ಡು ಇಡು’ ಅಂದರೆ ನಗು ಬರುತ್ತದೆ. ಅಲ್ಲಿ ಪದ ದುಡ್ಡು ಇಡುವ ರೀತಿ ಹೇಳುತ್ತಿಲ್ಲ. ‘ನಿನ್ನ ಮರ್ಯಾದೆ ಉಳಿಯಬೇಕಾದರೆ’ ಅನ್ನುತ್ತಿದೆ. ಹಿಂದೆ ಒಂದು ‘ಇಲ್ಲಾಂದ್ರೆ’ ಅಡಗಿ ಕೂತಿದೆ. ಸಂಭಾಷಣೆ ಬರೆಯುವವರಿಗೆ ಇದು ದೊಡ್ಡ ಅನುಕೂಲ: ಇಲ್ಲಾಂದ್ರೆ ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ. ‘ಮರ್ಯಾದೆಯಾಗಿ ಒಪ್ಪಿಕೊಳ್ಳಿ’ ಅಂತ ಬಹುವಚನ ಹಾಕಿದರೆ ಇನ್ನೂ ತಣ್ಣಗೆ ಹೆದರಿಸುತ್ತದೆ. ‘ಸಭ್ಯವಾಗಿ’ ಕೈಯಲ್ಲಿ ಈ ಕೆಲಸ ಆಗುವುದಿಲ್ಲ.

ಪರೀಕ್ಷೆಗೂ ಸಿಗದ ಒಂದು: ‘ಮರ್ಯಾದೆಯಾಗಿ ಕೇಳ್ತಿದ್ದೀನಿ.’ ಇಲ್ಲಿ ಮರ್ಯಾದೆ ಕೇಳುವವನದೇ, ಆದರೂ ಬೆದರಿಕೆ. ‘ಇನ್ನೂ ಕೈ ಎತ್ತಿಲ್ಲ’ ಅಂತ ತಿಳಿದುಕೊಳ್ಳಿ.

ಸಂಸ್ಕೃತದ ‘ಮರ್ಯಾದಾ’ಗೆ ಎಲ್ಲೆ, ಗಡಿ ಅನ್ನೋ ಅರ್ಥ ಇದೆ. ಸಂಸ್ಕೃತ ವ್ಯಾಕರಣ ಬರೆದ ಪಾಣಿನಿಯ ‘ಆಙ್ ಮರ್ಯಾದಾಭಿವಿಧ್ಯೋಃ’ (ಅಷ್ಟಾಧ್ಯಾಯಿ 2.1.13) ಸೂತ್ರದಲ್ಲೂ ಅದು ಎಲ್ಲೆಯೇ, ನಡತೆಯಲ್ಲ. ಗದರಿಕೆಯ ಬಳಕೆ ಈ ಹಳೆಯ ಅರ್ಥಕ್ಕೇ ಹತ್ತಿರ ಅಂತ ನನಗೆ ಅನಿಸುತ್ತದೆ: ಇದು ಗೆರೆ, ದಾಟಬೇಡ.

ಸಾಹಿತ್ಯದಲ್ಲಿ ಸಭ್ಯತೆಗೆ ಈ ಪದವೇ ಬೇಕಿಲ್ಲ. 12ನೇ ಶತಮಾನದ ಬಸವಣ್ಣನವರು ‘ಅಯ್ಯಾ ಎಂದಡೆ ಸ್ವರ್ಗ, ಎಲವೋ ಎಂದಡೆ ನರಕ’ ಅಂದಾಗ ಮರ್ಯಾದೆ ಪೂರ್ತಿ ಕರೆಯುವ ಮಾತಿನಲ್ಲೇ ಇದೆ.

ಹಾಂ, ‘ಮರ್ಯಾದೆಗಾದರೂ ಒಂದು ಮಾತು ಕೇಳಬಹುದಿತ್ತು’ ಅನ್ನೋದನ್ನು ಇದರ ಜೊತೆ ಸೇರಿಸಬೇಡಿ. ಅದು ಗೌರವವೂ ಅಲ್ಲ, ಗದರಿಕೆಯೂ ಅಲ್ಲ. ಮದುವೆಮನೆಯಲ್ಲಿ ಮುನಿಸಿಕೊಂಡ ಸೋದರಮಾವನ ಮಾತು.