ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ಯಾರು ಹೇಳಿದ್ದು?

ಪ್ರಶ್ನೆ: ಹಳೇ ಉಪ್ಪಿನಕಾಯಿ ಬಾಟಲಿಯ ಮುಚ್ಚಳಕ್ಕೆ ಹೋಲ್ಡರ್ ಕೂರಿಸಿ ಊಟದ ಮೇಜಿನ ಮೇಲೆ ನೇತುಹಾಕಿದ್ದೇವೆ. ನೋಡಲು ತುಂಬಾ ಚೆನ್ನಾಗಿದೆ. ಆದರೆ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ನಾಲ್ಕೈದು ತಿಂಗಳಿಗೇ ಹೋಗುತ್ತದೆ. ಬೇರೆ ಕಂಪನಿಯದು ಹಾಕಿದರೂ ಅದೇ ಕಥೆ. ಯಾಕೆ ಹೀಗೆ?

ಉತ್ತರ: ಬಾಟಲಿಯೊಳಗೆ ಸಿಕ್ಕಿಕೊಂಡ ಶಾಖಕ್ಕೆ ಬಲ್ಬ್ ಸುಟ್ಟುಹೋಗುತ್ತಿದೆ. ಇಷ್ಟು ಹೇಳಿದ ಕೂಡಲೇ ಬರುವ ಮರುಮಾತು ನನಗೆ ಬಾಯಿಪಾಠವಾಗಿದೆ: "ಎಲ್‌ಇಡಿ ಅಲ್ವಾ ಸಾರ್, ಅದು ಬಿಸಿನೇ ಆಗಲ್ಲವಲ್ಲ!" ಹೇಳಿ ಹೇಳಿ ಸಾಕಾಗಿದೆ, ಆದರೂ ಈ ಸಲ ಪೂರ್ತಿ ಬಿಡಿಸಿಯೇ ಹೇಳುತ್ತೇನೆ.

ಮನೆಯಲ್ಲಿ ಒಂದು ಗಂಟೆ ಉರಿದ ಎಲ್‌ಇಡಿ ಬಲ್ಬನ್ನು ಆರಿಸಿ, ಮುಟ್ಟಿ ನೋಡಿ. ಹಾಲುಬಿಳುಪಿನ ಗುಮ್ಮಟ ಉಗುರುಬೆಚ್ಚಗೆ ಇರುತ್ತದೆ. ಎಲ್ಲರೂ ಮುಟ್ಟುವುದು ಅಲ್ಲಿಯೇ, ತಪ್ಪು ತಿಳಿವಳಿಕೆ ಹುಟ್ಟಿದ್ದೂ ಅಲ್ಲಿಂದಲೇ. ಈಗ ಬೆರಳನ್ನು ಮೆಲ್ಲಗೆ ಕೊರಳಿನ ಕಡೆಗೆ, ಹೋಲ್ಡರ್ ಹತ್ತಿರಕ್ಕೆ ತನ್ನಿ. ಅಲ್ಲಿ ಬೆರಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೊರಗೆ ಬಿಳಿ ಪ್ಲಾಸ್ಟಿಕ್, ಒಳಗೆ ಅಲ್ಯೂಮಿನಿಯಂ. ಎಲ್‌ಇಡಿ ಚಿಪ್‌ಗಳ ಶಾಖವನ್ನು ಹೀರಿ ಹೊರಗಿನ ಗಾಳಿಗೆ ದಾಟಿಸುವುದು ಅದರ ಕೆಲಸ. 9 ವ್ಯಾಟ್‌ನಲ್ಲಿ ಬೆಳಕಾಗುವುದು ಅರ್ಧಕ್ಕಿಂತ ಕಡಿಮೆ, ಉಳಿದದ್ದೆಲ್ಲ ಶಾಖವೇ.

ಹಳೇ 60 ವ್ಯಾಟ್ ಬಲ್ಬ್ ಇದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಅದರ ತಂತಿ 2,000 ಡಿಗ್ರಿಗೂ ಮೇಲೆ ಕಾದೇ ಬೆಳಕು ಕೊಡುವಂಥದ್ದು. ಶಾಖದ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಹೊರಗೆ ಹೋಗುತ್ತಿತ್ತು. ಎಲ್‌ಇಡಿಯಿಂದ ಆ ಕಿರಣ ಬರುವುದಿಲ್ಲವೆಂದೇ ಹೇಳಬಹುದು, ಹಾಗಾಗಿ ಕೆಳಗೆ ಕೈ ಹಿಡಿದರೆ ತಣ್ಣಗನಿಸುತ್ತದೆ. ಶಾಖವೆಲ್ಲ ಕೊರಳಲ್ಲೇ ಉಳಿಯುತ್ತದೆ. ಅದೇ ಕೊರಳೊಳಗೆ 230 ವೋಲ್ಟನ್ನು ಪಳಗಿಸುವ ಡ್ರೈವರ್ ಸರ್ಕ್ಯೂಟ್ ಕೂತಿರುತ್ತದೆ. ಅದರಲ್ಲಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಎಂಬ, ವಿದ್ಯುತ್ತನ್ನು ಕೂಡಿಟ್ಟು ಬಿಡುವ ಪುಟ್ಟ ಬಿಡಿಭಾಗ ಶಾಖಕ್ಕೆ ಬೇಗ ಸೋಲುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧವಾಗುತ್ತದೆ, 20 ಡಿಗ್ರಿ ಏರಿದರೆ ಕಾಲುಭಾಗ. ಬಲ್ಬ್ ಮಿಣಮಿಣ ಅನ್ನಲು ಶುರುವಾಗುವುದು ಹೆಚ್ಚಾಗಿ ಇದು ಸೋತಾಗ.

ಈಗ ನಿಮ್ಮ ಬಾಟಲಿಗೆ ಬನ್ನಿ. ಬಲ್ಬ್ ತಲೆಕೆಳಗಾಗಿ ನೇತಾಡುತ್ತಿದೆ. ಬಿಸಿಗಾಳಿ ಮೇಲೇರಿ ಮುಚ್ಚಳದ ಕೆಳಗೆ ಕೂಡುತ್ತದೆ. ಡ್ರೈವರ್ ಇರುವುದೂ ಅಲ್ಲಿಯೇ! ಗಾಜು ಶಾಖವನ್ನು ಬೇಗ ದಾಟಿಸುವುದಿಲ್ಲ, ಮುಚ್ಚಳ ಬಿಗಿಯಾಗಿದೆ, ತಳ ಮುಚ್ಚಿದೆ. ಶಾಖಕ್ಕೆ ಹೋಗಲು ದಾರಿಯೆಲ್ಲಿದೆ? ಪೂರ್ತಿ ಮುಚ್ಚಿದ ದೀಪದೊಳಗೆ ಹಾಕಬಾರದೆಂದು ಎಷ್ಟೋ ಬಲ್ಬುಗಳ ಡಬ್ಬಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ದಯವಿಟ್ಟು ಅದನ್ನು ಓದಿ.

ಪರಿಹಾರ ಸುಲಭ. 9 ವ್ಯಾಟ್ ತೆಗೆದು 3 ವ್ಯಾಟ್ ಹಾಕಿ, ಊಟದ ಮೇಜಿಗೆ ಸಾಲದಿದ್ದರೆ ಇಂಥವೇ ಮೂರು ಬಾಟಲಿ ಸಾಲಾಗಿ ನೇತುಹಾಕಿ. ಮುಚ್ಚಳದಲ್ಲಿ ಹೋಲ್ಡರ್ ಸುತ್ತ ಏಳೆಂಟು ತೂತು ಇರಲಿ. ಮೊಳೆಯಿಂದ ಹೊಡೆಯುವುದಾದರೆ ಮುಚ್ಚಳವನ್ನು ಬಾಟಲಿಯಿಂದ ತೆಗೆದು, ಹಲಗೆಯ ಮೇಲಿಟ್ಟು, ಒಳಗಿನಿಂದ ಹೊರಕ್ಕೆ ಹೊಡೆಯಿರಿ, ಆಗ ತಗಡಿನ ಮುಳ್ಳುಗಳು ಹೊರಗೆ ಏಳುತ್ತವೆ. ಅವನ್ನು ಅರದಿಂದ ಉಜ್ಜಿ ನುಣುಪು ಮಾಡಿ. ತಗಡಿನ ಅಂಚು ವೈರನ್ನು ಕೊರೆದರೆ ಇಡೀ ಮುಚ್ಚಳಕ್ಕೇ ಕರೆಂಟ್ ಬರುತ್ತದೆ, ಆದ್ದರಿಂದ ವೈರ್ ತಗಡಿನ ತೂತಿನಲ್ಲಿ ಹಾದುಹೋಗುವುದಾದರೆ ತೂತಿನ ಅಂಚಿಗೆ ರಬ್ಬರ್ ಬುಷ್ (ರಬ್ಬರ್ ಬಳೆ) ಹಾಕಲೇಬೇಕು. ಬಾಟಲಿಯ ಭಾರ ಹೋಲ್ಡರ್‌ನೊಳಗೆ ವೈರ್ ಬಿಗಿಯುವ ಸ್ಕ್ರೂಗಳ ಮೇಲೆ ಬೀಳಬಾರದು. ಹೋಲ್ಡರ್ ಟೋಪಿಯೊಳಗೆ ವೈರಿಗೆ ಒಂದು ಗಂಟು ಹಾಕಿ. ದೊಡ್ಡ, ದಪ್ಪ ಗಾಜಿನ ಭರಣಿಯಾದರೆ ಗಂಟನ್ನೂ ನಂಬಬೇಡಿ, ಬೇರೆ ಸರಪಳಿ ಕಟ್ಟಿ. ಸೀಮೆಎಣ್ಣೆ ದಾರ ಸುತ್ತಿ ಬೆಂಕಿ ಹಚ್ಚಿ ಬಾಟಲಿಯ ತಳ ಕತ್ತರಿಸುವ ಉಪಾಯವನ್ನಂತೂ ಬಿಟ್ಟುಬಿಡಿ. ಅದರಿಂದ ಬರುವುದು ಅಂಕುಡೊಂಕಾದ, ಚೂಪು ಅಂಚು, ಅದೂ ಊಟದ ತಟ್ಟೆಯ ನೇರ ಮೇಲೆ.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಬೇಕು. ರಾತ್ರಿ ಸ್ವಿಚ್ ಆರಿಸಿದ ಮೇಲೂ ಬಾಟಲಿಯೊಳಗೆ ಮಂಕು ಬೆಳಕು ಕಾಣುತ್ತದೆಯೇ? ಸ್ವಿಚ್‌ನಲ್ಲಿ ಪುಟ್ಟ ಇಂಡಿಕೇಟರ್ ದೀಪವಿದ್ದರೆ ಅದರ ಮೂಲಕ ಹರಿಯುವ ಅಲ್ಪ ಕರೆಂಟೇ ಇದಕ್ಕೆ ಸಾಕು. ಇಂಡಿಕೇಟರ್ ಇಲ್ಲವೆಂದರೆ ಹುಷಾರಾಗಿ: ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್‌ಗೆ (ವಾಪಸ್ ಹೋಗುವ ವೈರ್) ಕೊಟ್ಟಿರಬಹುದು. ಹಳೇ ಮನೆಗಳಲ್ಲಿ ಇದು ಅಪರೂಪವಲ್ಲ. ಆಗ ಸ್ವಿಚ್ ಆರಿಸಿದರೂ ಹೋಲ್ಡರ್‌ನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ, ಕೆಳಗೆ ನೀವು ತಗಡಿನ ಮುಚ್ಚಳ ಹಿಡಿದು ಬಲ್ಬ್ ಬದಲಿಸುತ್ತಿರುತ್ತೀರಿ. ಬಾಟಲಿಗೆ ಕೈ ಹಾಕುವ ಮುನ್ನ ಯಾವಾಗಲೂ ಮೇನ್ ಸ್ವಿಚ್ಚನ್ನೇ ಆರಿಸಿ. ಎಲೆಕ್ಟ್ರಿಷಿಯನ್ ಬಂದಾಗ, ಸ್ವಿಚ್ ಆಫ್ ಮಾಡಿ ಹೋಲ್ಡರ್‌ನ ಎರಡೂ ಪಿನ್ನಿಗೆ ಟೆಸ್ಟರ್ ಹಿಡಿಯಲು ಹೇಳಿ. ಒಂದರಲ್ಲಾದರೂ ಟೆಸ್ಟರ್ ಚೆನ್ನಾಗಿ ಉರಿದರೆ ಸ್ವಿಚ್‌ಬೋರ್ಡ್ ಬಿಚ್ಚಿಸಿ ವೈರ್ ಅದಲುಬದಲು ಮಾಡಿಸಿ, ಆಮೇಲೆ ಬಾಟಲಿ ನೇತುಹಾಕಿ.