ಪಕ್ಕದ ಮನೆ ವೈಫೈ ಕೇಳದೆ ಬಳಸಿದ್ರೆ ಏನಾಗುತ್ತೆ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ತುಮಕೂರಿನ ಬಟವಾಡಿಯಲ್ಲಿ ಮೂವರು ಗೆಳೆಯರ ಜೊತೆ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ನಮಗಿಂತ ಮುಂಚೆ ಇದ್ದ ಹುಡುಗರು ಪಕ್ಕದ ಮನೆಯ ವೈಫೈ ಪಾಸ್‌ವರ್ಡನ್ನು ಗೋಡೆ ಬೀರುವಿನ ಬಾಗಿಲ ಒಳಗಡೆ ಪೆನ್ನಿನಲ್ಲಿ ಬರೆದು ಹೋಗಿದ್ದರು. ಆರು ತಿಂಗಳಿಂದ ಅದನ್ನೇ ಬಳಸುತ್ತಿದ್ದೇವೆ. ಆ ಮನೆಯವರಿಗೆ ಗೊತ್ತಿಲ್ಲ. ಕ್ಲಾಸ್ ವಿಡಿಯೊ, ಸ್ವಲ್ಪ ಕ್ರಿಕೆಟ್, ಅಷ್ಟೇ. ಅವರದ್ದು ಹೇಗೂ ಅನ್‌ಲಿಮಿಟೆಡ್ ಪ್ಲಾನ್ ಅಲ್ವಾ? ಇದರಿಂದ ತೊಂದರೆ ಏನಾದ್ರೂ ಆಗುತ್ತಾ?

ಆಗಬಹುದು. ನಿಮಗೂ ಆಗಬಹುದು, ಆ ಮನೆಯವರಿಗೂ ಆಗಬಹುದು.

ಡೇಟಾ ವಿಷಯ ಮೊದಲು ಮುಗಿಸಿಬಿಡೋಣ, ಯಾಕೆಂದರೆ ಇದರಲ್ಲಿ ಅದೇ ತೀರಾ ಸಣ್ಣದು. ಅನ್‌ಲಿಮಿಟೆಡ್ ಎನ್ನುವ ಹಲವು ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಎಂಬ ಮಿತಿ ಇರುತ್ತದೆ, ಅದು ದಾಟಿದರೆ ಸ್ಪೀಡ್ ಬಿದ್ದುಹೋಗುತ್ತದೆ. ನಾಲ್ಕು ಹುಡುಗರು ಅಷ್ಟು ಮುಗಿಸುವುದು ಕಷ್ಟವೇ. ಆದರೆ ಅವರದ್ದು 30 ಎಂಬಿಪಿಎಸ್ ಲೈನ್ ಆಗಿದ್ದು, ಸಂಜೆ ನೀವು ನಾಲ್ಕೂ ಜನ ಒಟ್ಟಿಗೆ ಮ್ಯಾಚ್ ಹಾಕಿಕೊಂಡು ಕೂತರೆ, ಗೋಡೆಯ ಆಚೆ ಆನ್‌ಲೈನ್ ಟ್ಯೂಷನ್‌ಗೆ ಕೂತ ಮಗುವಿನ ಪಾಠ ನಿಂತು ನಿಂತು ಬರುತ್ತದೆ. ಅವರು ಕಂಪನಿಗೆ ಫೋನ್ ಮಾಡಿ ಬೈಯುತ್ತಿರುತ್ತಾರೆ, ಕಾರಣ ನಿಮ್ಮ ರೂಮಿನಲ್ಲಿರುತ್ತದೆ.

ದೊಡ್ಡ ವಿಷಯ ಬೇರೆ ಇದೆ. ಇಂಟರ್ನೆಟ್‌ನಲ್ಲಿ ನೀವು ಏನೇ ಮಾಡಿದರೂ ಅದು ಯಾರ ಹೆಸರಿಗೆ ಬರೆದುಕೊಳ್ಳುತ್ತದೆ ಅನ್ನುವುದು. ಒಂದು ಮನೆಯ ರೂಟರ್‌ಗೆ ಹತ್ತು ಫೋನ್ ಸೇರಿಕೊಂಡಿದ್ದರೂ ಹೊರಗಿನವರಿಗೆ ಅವೆಲ್ಲ ಒಂದೇ ಐಪಿ ವಿಳಾಸವಾಗಿ, ಅಂದರೆ ಇಂಟರ್ನೆಟ್‌ನಲ್ಲಿ ಆ ಕನೆಕ್ಷನ್ ಗುರುತಿಸುವ ಒಂದೇ ನಂಬರ್ ಆಗಿ ಕಾಣುತ್ತವೆ. ಆ ವಿಳಾಸ ಹಿಡಿದು ಕೇಳಿದರೆ ಕಂಪನಿಯ ದಾಖಲೆಯಲ್ಲಿ ಸಿಗುವುದು ಕನೆಕ್ಷನ್ ಯಾರ ಆಧಾರ್ ಕೊಟ್ಟು ತಗೊಂಡಿದ್ದಾರೋ ಅವರ ಹೆಸರು. ನಿಮ್ಮದಲ್ಲ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದನ್ನು ನಮ್ಮ ದೇಶ ಒಂದು ಸಲ ನೋಡಿದೆ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು. ಅದಕ್ಕೆ ಸ್ವಲ್ಪ ಮುಂಚೆ ಟಿವಿ ಚಾನೆಲ್‌ಗಳಿಗೆ ಒಂದು ಬೆದರಿಕೆಯ ಈಮೇಲ್ ಬಂದಿತ್ತು. ಪೊಲೀಸರು ಐಪಿ ವಿಳಾಸದ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ನವಿ ಮುಂಬೈನ ಒಂದು ಫ್ಲಾಟು, ಅಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕದವರು. ಅವರ ವೈಫೈಗೆ ಸರಿಯಾದ ಭದ್ರತೆಯೇ ಇರಲಿಲ್ಲ, ಬೇರೆ ಯಾರೋ ಅದನ್ನು ಬಳಸಿ ಮೇಲ್ ಕಳಿಸಿದ್ದರು. ಆದರೂ ಕಂಪ್ಯೂಟರ್ ಕೊಟ್ಟು, ವಿಚಾರಣೆ ಎದುರಿಸಿದ್ದು ಅವರೇ. ಇದಾದ ಮೇಲೆ 2009ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷತೆಗೆಂದೇ ಸೂಚನೆ ಹೊರಡಿಸಬೇಕಾಯಿತು.

ನೀವು ಅಂಥದ್ದೇನೂ ಮಾಡಲ್ಲ, ಗೊತ್ತು. ಆದರೆ ನಾಲ್ಕು ಜನರಲ್ಲಿ ಒಬ್ಬ ಕೋಪದಲ್ಲಿ ಯಾರಿಗೋ ಕೆಟ್ಟ ಮೆಸೇಜ್ ಹಾಕಿದ ಅಂದುಕೊಳ್ಳಿ. ಇಲ್ಲವೇ ಆ ಪಾಸ್‌ವರ್ಡ್ ನಿಮ್ಮಿಂದ ಇನ್ನೊಬ್ಬರಿಗೆ ಹೋಯಿತು ಅಂದುಕೊಳ್ಳಿ. ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯವರು ಮೊದಲು ಬಂದು ನಿಲ್ಲುವುದು ಪಕ್ಕದ ಮನೆ ಬಾಗಿಲಲ್ಲಿ. ಏನೂ ಗೊತ್ತಿಲ್ಲದ ಆ ಮನೆಯವರು ಬೀದಿಯವರೆಲ್ಲ ನೋಡುತ್ತಿರುವಾಗ ಉತ್ತರ ಹೇಳಬೇಕು. ನನಗೆ ತುಂಬಾ ನೋವು ಕೊಡುವ ಭಾಗ ಇದೇ.

ಇನ್ನು ಕಾನೂನು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ರ ಪ್ರಕಾರ, ಮಾಲೀಕರ ಅನುಮತಿ ಇಲ್ಲದೆ ಅವರ ಕಂಪ್ಯೂಟರ್ ನೆಟ್‌ವರ್ಕ್‌ಗೆ ಸೇರಿಕೊಂಡರೆ ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ನೆಟ್‌ವರ್ಕ್ ಅಂದರೆ ಏನು ಅಂತ ಹೇಳುವ ಜಾಗದಲ್ಲಿ ವೈರ್‌ಲೆಸ್ ಕೂಡ ಸೇರಿದೆ, ಹಾಗಾಗಿ ತಂತಿ ಮುಟ್ಟಿಲ್ಲವಲ್ಲ ಎನ್ನುವ ಮಾತು ನಡೆಯಲ್ಲ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ ಸೆಕ್ಷನ್ 66. ಮೂರು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದಕ್ಕೆ 66ಸಿ ಅಂತ ಬೇರೆಯೇ ಇದೆ. ಕ್ಲಾಸ್ ನೋಡಿದ್ದಕ್ಕೆ ನಾಳೆಯೇ ಪೊಲೀಸರು ಬರುತ್ತಾರೆ ಅಂತ ನಾನು ಹೆದರಿಸುತ್ತಿಲ್ಲ. ಬೇರೆ ಏನಾದರೂ ಗಲಾಟೆಯಾಗಿ ದೂರು ಹೋದಾಗ ಈ ಸೆಕ್ಷನ್‌ಗಳು ಕೆಲಸಕ್ಕೆ ಬರುತ್ತವೆ. ಓದು ಮುಗಿಸಿ ಕೆಲಸ ಹುಡುಕುವ ವಯಸ್ಸಿನಲ್ಲಿ ಒಂದು ಎಫ್‌ಐಆರ್ ಎಷ್ಟು ಭಾರ ಅಂತ ಹೇಳಬೇಕಾಗಿಲ್ಲ.

ನಿಮ್ಮ ಫೋನಿಗೇ ಇರುವ ಅಪಾಯವನ್ನು ಹುಡುಗರು ಯೋಚಿಸುವುದೇ ಇಲ್ಲ. ಆ ರೂಟರ್ ಯಾರ ಕೈಯಲ್ಲಿದೆ, ಅದರ ಸಾಫ್ಟ್‌ವೇರ್ ಯಾವ ಕಾಲದ್ದು, ನಿಮಗೆ ಗೊತ್ತಾ? ಬ್ಯಾಂಕ್ ಆ್ಯಪ್‌ನ ಒಳಗಿನ ಮಾಹಿತಿ ಸಾಮಾನ್ಯವಾಗಿ ಗುಪ್ತವಾಗಿಯೇ ಹೋಗುತ್ತದೆ, ನಿಜ. ಆದರೆ ನೀವು ಯಾವ ಯಾವ ಸೈಟಿಗೆ ಹೋಗುತ್ತೀರಿ ಅನ್ನುವುದು ರೂಟರ್ ಹಿಡಿತದಲ್ಲಿರುವವರಿಗೆ ಬಹಳಷ್ಟು ಸಲ ಕಾಣುತ್ತದೆ. ರೂಟರ್ ಸೆಟ್ಟಿಂಗ್ ಯಾರಾದರೂ ತಿದ್ದಿದ್ದರೆ, ನೀವು ಹುಡುಕಿದ ಸೈಟಿನ ಬದಲು ಹಾಗೇ ಕಾಣುವ ನಕಲಿ ಪುಟ ತೆರೆದುಕೊಳ್ಳಬಹುದು. ಇನ್ನೊಂದು ವಿಷಯ. ನಿಮ್ಮ ಫೋನ್ ಆ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ನೆನಪಿಟ್ಟುಕೊಂಡಿದೆ. ಬಾಡಿಗೆ ಹುಡುಗರ ಬಾಯಿಂದ ಬಾಯಿಗೆ ಹರಡಿರುವ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು ಬೇರೆ ಯಾರಾದರೂ ಹಾಟ್‌ಸ್ಪಾಟ್ ಹಾಕಿದರೆ ಫೋನ್ ನಿಮ್ಮನ್ನು ಕೇಳದೆಯೇ ಹೋಗಿ ಸೇರಿಕೊಳ್ಳುತ್ತದೆ.

ಗೊತ್ತೇ ಆಗಲ್ಲ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲೇ ಆಗಿದ್ದು ಹೇಳುತ್ತೇನೆ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೂ ರೂಟರ್‌ನ ಹಸಿರು ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು. ರೂಟರ್‌ನ ಸೆಟ್ಟಿಂಗ್ ಪುಟ ತೆಗೆದು, ಯಾವ ಯಾವ ಫೋನ್ ಸೇರಿಕೊಂಡಿವೆ ಅಂತ ನೋಡಿದೆ. ನಮ್ಮವು ನಾಲ್ಕು, ಪಟ್ಟಿಯಲ್ಲಿ ಆರು. ಒಂದು ಫೋನಿಗೆ ಹುಡುಗನ ಹೆಸರೇ ಇತ್ತು, ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವನದ್ದು. ಬೆಳಗ್ಗೆ ಮೆಟ್ಟಿಲ ಹತ್ತಿರ ಕೇಳಿದರೆ ಮುಖ ಕೆಂಪಾಯಿತು. "ಅಂಕಲ್, ಕೇಳೋಕೆ ಸಂಕೋಚ ಆಯ್ತು" ಅಂದ. ನಮ್ಮ ಮಗನ ಫೋನಿನಲ್ಲಿದ್ದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿಕೊಂಡಿದ್ದನಂತೆ. ಕೇಳಿದ್ದರೆ ಕೊಡುತ್ತಿದ್ದೆ, ಆಮೇಲೆ ಕೊಟ್ಟೆ ಕೂಡ. ಗೆಸ್ಟ್ ನೆಟ್‌ವರ್ಕ್ ಅಂತ ಬೇರೆ ಮಾಡಿ, ಬೇರೆ ಪಾಸ್‌ವರ್ಡ್ ಇಟ್ಟು. ಅವನ ಪರೀಕ್ಷೆ ಮುಗಿಯುವವರೆಗೆ ಹಾಗೇ ನಡೆಯಿತು. ದುಡ್ಡು ಮಾತ್ರ ತಗೊಳ್ಳಲಿಲ್ಲ, ಮನೆ ಕನೆಕ್ಷನ್ನನ್ನು ಹೊರಗಿನವರಿಗೆ ಮಾರುವುದು ಸಾಮಾನ್ಯವಾಗಿ ಕಂಪನಿಯ ಷರತ್ತಿಗೆ ವಿರುದ್ಧ.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟೇ. ಇವತ್ತು ಸಂಜೆ ಪಕ್ಕದ ಮನೆಗೆ ಹೋಗಿ. ಆಂಟಿ, ಹೀಗಾಗಿದೆ, ತಪ್ಪಾಯ್ತು, ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಅಂತ ನೇರವಾಗಿ ಹೇಳಿ. ಅವರಿಗೆ ಬದಲಾಯಿಸಲು ಬರದಿದ್ದರೆ ಪಕ್ಕದಲ್ಲಿ ಕೂತು ತೋರಿಸಿಕೊಡಿ, ಹೊಸ ಪಾಸ್‌ವರ್ಡ್ ಟೈಪ್ ಮಾಡುವಾಗ ಮಾತ್ರ ಎದ್ದು ಈಚೆ ಬನ್ನಿ. ರೂಟರ್‌ನ ಭದ್ರತೆಯ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇದೆಯಾ ನೋಡಿ, ಪಾಸ್‌ವರ್ಡ್ ಹಾಕದೆಯೇ ಬಟನ್ ಅಥವಾ ಪಿನ್‌ನಿಂದ ಸೇರಿಸುವ ಡಬ್ಲ್ಯುಪಿಎಸ್ ಅನ್ನುವುದನ್ನು ಆಫ್ ಮಾಡಿಸಿ. ಅದರ 8 ಅಂಕಿಯ ಪಿನ್ ನೋಡಲು ಉದ್ದ, ಆದರೆ ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬಿಡಬಹುದು. ಇದು 2011ರಲ್ಲೇ ಬಯಲಾದ ದೋಷ.

ಅವರು ಬೈದರೆ ಬೈಸಿಕೊಳ್ಳಿ. ಬಳಸಿ ಅಂದರೆ ಗೆಸ್ಟ್ ನೆಟ್‌ವರ್ಕ್ ಕೇಳಿ. ಬೇಡ ಅಂದರೆ ನಿಮ್ಮದೇ ಕನೆಕ್ಷನ್ ಹಾಕಿಸಿಕೊಳ್ಳಿ. 500 ರೂಪಾಯಿಯ ಪ್ಲಾನ್ ಆದರೂ 18% ಜಿಎಸ್‌ಟಿ ಸೇರಿ ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 150 ರೂಪಾಯಿ ದಾಟಲ್ಲ. ಅಲ್ಲಿಯವರೆಗೆ ನಾಲ್ಕೂ ಫೋನಿನಲ್ಲಿ ಆ ವೈಫೈ ಹೆಸರು ಒತ್ತಿ ಫರ್ಗೆಟ್ ಕೊಡಿ. ಆ ಬೀರು ಬಾಗಿಲ ಒಳಗಿನ ಬರಹವನ್ನೂ ಅಳಿಸಿಬಿಡಿ, ನಿಮ್ಮ ನಂತರ ಬರುವ ಹುಡುಗರ ಕಣ್ಣಿಗೆ ಅದು ಬೀಳುವುದು ಬೇಡ.